ಬದುವಿನ ಮರ

ತಿಪಟೂರು, ಕೊಬ್ಬರಿ ಮಂಡಿ

ಹರಾಜಿನ ದಿನವಲ್ಲ. ದಲಾಲಿ ಅಂಗಡಿಯ ಜಗಲಿಯಲ್ಲಿ ಇಬ್ಬರು ಹೆಂಗಸರು ಉಂಡೆ ಕೊಬ್ಬರಿ ಆರಿಸುತ್ತ ಕೂತಿದ್ದಾರೆ. ಒಂದೊಂದನ್ನೂ ಅಂಗೈಯಲ್ಲಿ ಉರುಳಿಸಿ ನೋಡುವುದು, ಒಡಕಲು ಎಡಕ್ಕೆ, ಗುಂಡಗೆ ನಯವಾಗಿರುವುದು ಬಲಕ್ಕೆ. ಅವರ ಕಣ್ಣು ಕೊಬ್ಬರಿಯ ಮೇಲಿಲ್ಲ, ರಸ್ತೆಯ ಮೇಲಿದೆ. ಕೈ ಮಾತ್ರ ತಪ್ಪುವುದಿಲ್ಲ.

ಒಳಗೆ ಗುಮಾಸ್ತ ಫೋನಿನಲ್ಲಿ ಹಳೆಯ ವಿಡಿಯೊ ನೋಡುತ್ತಿದ್ದ. ವಿಧಾನಸಭೆ, ಜೆ.ಸಿ. ಮಾಧುಸ್ವಾಮಿ ಎದ್ದು ನಿಂತು ನಿಯಮ ಹೇಳುತ್ತಿದ್ದಾರೆ. "ಕೇಳಿ ಸಾ, ಹೆಂಗ್ ಮಾತಾಡ್ತಾರೆ! ಲಾ ಪಾಯಿಂಟು ಅಂದ್ರೆ ಲಾ ಪಾಯಿಂಟು" ಅಂದ. ಯಾವ ಊರಪ್ಪ ನಿಂದು ಅಂದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಂತೆ. ಹಾಗಾದರೆ ನಿನ್ನ ಓಟು ಅವರಿಗೇ ಬಿತ್ತು ಅನ್ನು. ಫೋನು ಮಡಗಿ ನಕ್ಕ. "ಓಟಿನ್ ವಿಚಾರ ಬ್ಯಾರೆ ಸಾ."

ಈ ಟಿಪ್ಪಣಿಗಳು ಶುರುವಾದದ್ದು ಆ 'ಬ್ಯಾರೆ'ಯಿಂದ.

*

ಮಾಧುಸ್ವಾಮಿಯವರ ಬಗ್ಗೆ ಗೊತ್ತಿರುವಷ್ಟನ್ನು ಬರೆದಿಟ್ಟುಕೊಳ್ಳುತ್ತೇನೆ. ಊರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಜೆ.ಸಿ.ಪುರ, ಅಂದರೆ ಜಯಚಾಮರಾಜಪುರ. ಓದಿದ್ದು ಕಾನೂನು. ರಾಜಕಾರಣದ ಬೇರು ಜನತಾ ಪರಿವಾರದಲ್ಲಿ. ಅಲ್ಲಿಂದ ಜೆಡಿಯು. 2013ರಲ್ಲಿ ಯಡಿಯೂರಪ್ಪನವರು ಕಟ್ಟಿದ ಕೆಜೆಪಿಯಿಂದ ನಿಂತು, ಜೆಡಿಎಸ್‌ನ ಸಿ.ಬಿ. ಸುರೇಶ್‌ಬಾಬು ಎದುರು ಸೋತರು. 2018ರಲ್ಲಿ ಬಿಜೆಪಿಯಿಂದ ನಿಂತು ಅದೇ ಸುರೇಶ್‌ಬಾಬು ಅವರನ್ನು ಸೋಲಿಸಿದರು. 2019ರ ಆಗಸ್ಟ್ 20ರಂದು ಮಂತ್ರಿಯಾದರು: ಕಾನೂನು, ಸಂಸದೀಯ ವ್ಯವಹಾರ, ಸಣ್ಣ ನೀರಾವರಿ. 2021ರ ಜನವರಿಯಲ್ಲಿ ಕಾನೂನು ಖಾತೆ ಕೈಬಿಟ್ಟಿತು. ಆ ವಾರ ಖಾತೆಗಳು ಎಷ್ಟು ಸಲ ಕೈ ಬದಲಾಯಿಸಿದವೆಂದರೆ ಪತ್ರಿಕೆ ಓದುವವರಿಗೇ ತಲೆ ತಿರುಗಿತು. ಬೊಮ್ಮಾಯಿ ಮುಖ್ಯಮಂತ್ರಿಯಾದಾಗ ಮತ್ತೆ ಕಾನೂನು, ಮತ್ತೆ ಸಣ್ಣ ನೀರಾವರಿ. 2023ರಲ್ಲಿ ಮತ್ತೆ ಸುರೇಶ್‌ಬಾಬು, ಮತ್ತೆ ಸೋಲು.

ಒಂದು ಪುಟದಲ್ಲಿ ಮುಗಿಯಿತು. ಗುಮಾಸ್ತನ 'ಬ್ಯಾರೆ' ಇದರಲ್ಲಿ ಎಲ್ಲೂ ಇಲ್ಲ.

*

ನಮ್ಮ ಮನೆಯ ದಾವೆ

ಆ 'ಬ್ಯಾರೆ'ಯ ಗುಟ್ಟು ಅವರು ಓದಿದ ಕಾನೂನಿನಲ್ಲೇ ಇರಬಹುದೇ ಎಂದು ಮೊದಲು ಯೋಚಿಸಿದೆ. ಸಣ್ಣೂರಿನ ವಕೀಲರೆಂದರೆ ನನಗೆ ನೆನಪಾಗುವುದು ನಮ್ಮದೇ ಪಾಲುವಿಭಾಗದ ದಾವೆ. ಅಪ್ಪ ವಾದಿ, ಚಿಕ್ಕಪ್ಪ ಪ್ರತಿವಾದಿ. ಊರು, ಕೋರ್ಟು, ವಕೀಲರ ಹೆಸರು ಇಲ್ಲಿ ಬೇಡ.

ತೆಂಗಿನ ಸೀಮೆಯಲ್ಲಿ ಪಾಲು ಅಂದರೆ ಎಕರೆ ಗುಂಟೆಯ ಲೆಕ್ಕದಲ್ಲಿ ಮುಗಿಯುವುದಿಲ್ಲ, ಮರ ಎಣಿಸಬೇಕು. ಕಾಯಿ ಬಿಡುವ ಮರ ಎಷ್ಟು, ಸಸಿ ಎಷ್ಟು, ತಲೆ ಹೋದದ್ದು ಎಷ್ಟು. ನಮ್ಮದರಲ್ಲಿ ಎಲ್ಲ ಸರಿಹೋಗಿ ಕೊನೆಗೆ ಒಂದೇ ಒಂದು ಮರ ಉಳಿಯಿತು. ಸರಿಯಾಗಿ ಬದುವಿನ ಮೇಲೆ ನಿಂತದ್ದು. ಬುಡ ನಮ್ಮ ಕಡೆಗೆ ಒಂದು ಗೇಣು ಹೆಚ್ಚು, ಆದರೆ ಹತ್ತಡಿ ಮೇಲೆ ಹೋದ ಮೇಲೆ ಚಿಕ್ಕಪ್ಪನ ಕಡೆಗೆ ವಾಲಿಕೊಂಡಿತ್ತು. ಹೀಗಾಗಿ ಕಾಯೆಲ್ಲ ಬೀಳುವುದು ಅವರ ತೋಟಕ್ಕೆ. ಕೋರ್ಟ್ ಕಮಿಷನರ್ ಬಂದರು. ಟೇಪು ಹಿಡಿದು, ಚೆಕ್ಕುಬಂದಿ ನೋಡಿ, ನಕ್ಷೆ ಬರೆದರು. ನಕ್ಷೆಯಲ್ಲಿ ಆ ಮರ ಒಂದು ಸೊನ್ನೆ, ಸೊನ್ನೆಯ ನಡುವೆ ಹಾದುಹೋದ ಗೆರೆಯೇ ಬದು.

ದಾವೆ ಹನ್ನೊಂದು ವರ್ಷ ನಡೆಯಿತು. ಪ್ರತಿ ವಾಯಿದೆಗೂ ಅಪ್ಪ ಚೀಲದಲ್ಲಿ ಎರಡು ಎಳನೀರು ಹಾಕಿಕೊಂಡು ಹೋಗುತ್ತಿದ್ದರು, ನಮ್ಮ ವಕೀಲರಿಗೆ. ಚಿಕ್ಕಪ್ಪನೂ ತನ್ನ ವಕೀಲರಿಗೆ ಎರಡು ತರುತ್ತಿದ್ದ. ಆ ಎಳನೀರು ಯಾವ ಮರದ್ದೋ ಎಂದು ಅಪ್ಪ ಒಂದೊಂದು ಸಲ ದಿಟ್ಟಿಸುತ್ತಿದ್ದರು. ಇಬ್ಬರು ವಕೀಲರೂ ಮಧ್ಯಾಹ್ನ ಒಂದೇ ಹೋಟೆಲಿನಲ್ಲಿ ಒಂದೇ ಮೇಜಿನ ಮೇಲೆ ಊಟ ಮಾಡುವುದನ್ನು ಕಂಡ ದಿನ ಅಪ್ಪನಿಗೆ ಆದ ಆಘಾತ ತೀರ್ಪಿನ ದಿನವೂ ಆಗಲಿಲ್ಲ.

ಪಾಟೀಸವಾಲಿನಲ್ಲಿ ಎದುರು ವಕೀಲರು ಅಪ್ಪನನ್ನು ಕೇಳಿದ ಒಂದು ಪ್ರಶ್ನೆ ನಮ್ಮ ಮನೆಯಲ್ಲಿ ಇವತ್ತಿಗೂ ಓಡಾಡುತ್ತದೆ. "ನಿಮ್ಮ ತಮ್ಮ ಚಿಕ್ಕವನಿದ್ದಾಗ ನೀವೇ ಅಲ್ವೇ ಆ ಮರ ಅವನಿಗೆ ಅಂತ ಹೇಳಿದ್ದು?" ಅಪ್ಪ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ತಲೆ ತಗ್ಗಿಸಿದರು. ಅದನ್ನು ಕೇಳಿದ ವಕೀಲರಿಗೆ ಆ ದಿನ ಇನ್ನೂ ನಾಲ್ಕು ಕೇಸುಗಳಿದ್ದವು. ಸಂಜೆಗೆ ಅವರಿಗೆ ಮರೆತಿರುತ್ತದೆ. ನಾವು ಮರೆತಿಲ್ಲ. ನಾಳೆ ಆ ವಕೀಲರು ಚುನಾವಣೆಗೆ ನಿಂತರೆ ನಮ್ಮ ಮನೆಯ ಆರು ಓಟುಗಳಲ್ಲಿ ಒಂದೂ ಬೀಳುವುದಿಲ್ಲ. ಅವರು ಗೆಲ್ಲಿಸಿಕೊಟ್ಟ ಚಿಕ್ಕಪ್ಪನ ಮನೆಯವರಾದರೂ ಹಾಕುತ್ತಾರೆಯೇ? ಚಿಕ್ಕಪ್ಪ ಹೇಳುವುದು ಇಷ್ಟೇ: "ಫೀಸು ಕೊಟ್ಟಿಲ್ವಾ?"

ಇದು ನನ್ನ ಮೊದಲನೆಯ ಸಿದ್ಧಾಂತ. ವಕೀಲನ ಕಸುಬಿನಲ್ಲಿ ಪ್ರತಿ ಗೆಲುವಿಗೂ ಒಂದು ಮನೆ ಹಗೆಯಾಗುತ್ತದೆ, ಗೆದ್ದ ಮನೆ ಲೆಕ್ಕ ಚುಕ್ತಾ ಎಂದುಕೊಳ್ಳುತ್ತದೆ.

(ಮರುದಿನ ಸೇರಿಸಿದ್ದು: ಹಾಗಿದ್ದರೆ ಚಿತ್ರದುರ್ಗದಲ್ಲಿ ವಕೀಲಿ ಮಾಡಿಕೊಂಡಿದ್ದ ನಿಜಲಿಂಗಪ್ಪನವರು ಮುಖ್ಯಮಂತ್ರಿ ಹೇಗಾದರು? ಜಮಖಂಡಿಯಲ್ಲಿ ಕರಿಕೋಟು ಹಾಕಿದ್ದ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾಗಿ, ಉಪರಾಷ್ಟ್ರಪತಿಯಾಗಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದರು. ಸಿದ್ಧಾಂತಕ್ಕೆ ತೂತು ಬಿತ್ತು. ಹೊಡೆದು ಹಾಕುವುದಿಲ್ಲ, ಇರಲಿ.)

*

ಬೆಳಗಾವಿ, 2021ರ ಡಿಸೆಂಬರ್

ನಾನು ಅಲ್ಲಿರಲಿಲ್ಲ, ಟಿವಿಯಲ್ಲಿ ನೋಡಿದ್ದು. ಸುವರ್ಣ ವಿಧಾನಸೌಧದಲ್ಲಿ ಮತಾಂತರ ನಿಷೇಧ ಎಂದು ಜನ ಕರೆದ ಮಸೂದೆ. ಹೆಸರಿನಲ್ಲೇನೋ ಅದು ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಮಸೂದೆ. ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ, ಅವರೂ ಮೈಸೂರಿನಲ್ಲಿ ವಕೀಲಿ ಮಾಡಿ ಬಂದವರು. ಅವರು ಮಸೂದೆಯನ್ನು ಕಟುವಾಗಿ ವಿರೋಧಿಸುತ್ತಿದ್ದರು. ಮಾಧುಸ್ವಾಮಿ ಎದ್ದು, ಇದರ ಕರಡು ಶುರುವಾದದ್ದೇ 2016ರಲ್ಲಿ, ನಿಮ್ಮ ಸರ್ಕಾರದ ಕಾಲದಲ್ಲಿ, ಕಡತ ಇಲ್ಲಿದೆ ಎಂದರು. ಇಲ್ಲ ಎಂದರು ಸಿದ್ದರಾಮಯ್ಯ. ಕಡತ ನೋಡಲು ಸ್ಪೀಕರ್ ಕೊಠಡಿಗೆ ಹೋದರು. ಬಂದು, ಸಂಪುಟದ ಮುಂದಿಡಿ ಎಂದು ಸಹಿ ಹಾಕಿದ್ದು ನಿಜ, ಆದರೆ ಸಂಪುಟಕ್ಕೆ ಅದು ಬರಲೇ ಇಲ್ಲ, ನಾವು ಮುಂದುವರಿಸಲಿಲ್ಲ ಎಂದರು.

ಮಸೂದೆ ಒಳ್ಳೆಯದೋ ಕೆಟ್ಟದ್ದೋ, ಆ ಚರ್ಚೆ ಬೇರೆ. ನನಗೆ ಅದು ಸರಿಯಾದ ಕಾನೂನು ಅನ್ನಿಸಿಲ್ಲ. ಮುಂದೆ 2023ರ ಜೂನ್‌ನಲ್ಲಿ ಕಾಂಗ್ರೆಸ್ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ನಾನು ಬರೆದುಕೊಳ್ಳುತ್ತಿರುವುದು ಆ ಗಳಿಗೆಯನ್ನು. ಸಾಕ್ಷಿಯ ಕೈಗೆ ಅವನದೇ ಸಹಿ ಇರುವ ಕಾಗದ ಕೊಟ್ಟು "ಇದು ನಿಮ್ಮ ಸಹಿ ತಾನೆ?" ಎಂದು ಕೇಳುವುದು ತಾಲ್ಲೂಕು ಕೋರ್ಟಿನ ಹಳೆಯ ಪಟ್ಟು. ಸಹಿ ಯಾವ ಉದ್ದೇಶಕ್ಕೆ ಹಾಕಿದ್ದು ಎಂಬುದು ಆಮೇಲಿನ ಮಾತು. ಮೊದಲು ಹೌದು ಅನ್ನಿಸಬೇಕು.

ಬೆಳಗಾವಿಯ ಆ ಗಳಿಗೆಗೆ ಸುಮಾರು ಎರಡೂವರೆ ವರ್ಷ ಮೊದಲು, 2019ರ ಜುಲೈಯಲ್ಲಿ ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ ದಿನಗಟ್ಟಲೆ ಎಳೆದಾಡುತ್ತಿದ್ದಾಗ ವಿರೋಧ ಪಕ್ಷದ ಸಾಲಿನಿಂದ ನಿಯಮ ಹಿಡಿದು ಮಾತಾಡುತ್ತಿದ್ದವರಲ್ಲಿ ಮಾಧುಸ್ವಾಮಿಯವರೂ ಇದ್ದರು. ಎದುರಿಗೆ ಸ್ಪೀಕರ್ ರಮೇಶ್‌ಕುಮಾರ್, ಮಾತಿನಲ್ಲಿ ಯಾರಿಗೂ ಸೋಲದವರು. ಜುಲೈ 23ರಂದು 99ಕ್ಕೆ 105, ಸರ್ಕಾರ ಬಿತ್ತು. ಆ ವಾರ ನಮ್ಮ ಕಡೆಯ ಹೋಟೆಲುಗಳಲ್ಲಿ ಸಿನಿಮಾ ಹಾಡು ನಿಂತು ಸದನದ ನೇರಪ್ರಸಾರ ಓಡುತ್ತಿತ್ತು. "ನಮ್ಮ್ ಜಿಲ್ಲೇರು" ಎಂದು ಪಕ್ಷ ಬೇರೆಯಾದವರೂ ಹೇಳಿಕೊಂಡರು.

*

ಮೈಕು, ಫೋನು, ಮತ್ತೆ ಮೈಕು

2020ರ ಮೇ, ಕೋಲಾರ. ಬೆಂಗಳೂರಿನ ಸಂಸ್ಕರಿತ ನೀರನ್ನು ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ ನೋಡಲು ಹೋದ ಮಂತ್ರಿ ಮಾಧುಸ್ವಾಮಿಯವರನ್ನು ರೈತ ಸಂಘದ ಹೆಣ್ಣುಮಗಳೊಬ್ಬರು ಕೆರೆ ಒತ್ತುವರಿ ಬಗ್ಗೆ ದಬಾಯಿಸಿ ಕೇಳಿದರು. ಇವರು ಸಿಟ್ಟಾಗಿ ಬಾಯಿಬಿಟ್ಟು ಬೈದರು. ರಾಜ್ಯವೆಲ್ಲ ನೋಡಿತು. ಕ್ಷಮೆ ಕೇಳಬೇಕಾಯಿತು.

2022ರ ಜನವರಿ. ತುಮಕೂರಿನ ಸಂಸದ ಜಿ.ಎಸ್. ಬಸವರಾಜು, ಅವರದೇ ಪಕ್ಷದವರು, ಮುಂದೆ ಮೈಕು ಇರುವುದನ್ನು ಮರೆತು ಪಕ್ಕದ ಮಂತ್ರಿಯ ಕಿವಿಯಲ್ಲಿ ಮಾಧುಸ್ವಾಮಿಯವರನ್ನು ಕೊರಿಯಾದ ಆಡಳಿತಗಾರನಿಗೆ ಹೋಲಿಸಿದರು. ಅದೇ ತಿಂಗಳು ಮಾಧುಸ್ವಾಮಿಯವರ ಕೈಯಲ್ಲಿದ್ದ ಜಿಲ್ಲಾ ಉಸ್ತುವಾರಿ ಆರಗ ಜ್ಞಾನೇಂದ್ರರ ಪಾಲಾಯಿತು.

2022ರ ಆಗಸ್ಟ್. ಚನ್ನಪಟ್ಟಣದ ಕಡೆಯಿಂದ ಯಾರೋ ಸಹಕಾರ ಸಂಘದ ಬಡ್ಡಿಯ ವಿಚಾರಕ್ಕೆ ಮಾಧುಸ್ವಾಮಿಯವರಿಗೆ ಫೋನು ಮಾಡುತ್ತಾರೆ. ಸರ್ಕಾರ ನಡೆಸುತ್ತಿಲ್ಲ, ಹೇಗೋ ತಳ್ಳಿಕೊಂಡು ಹೋಗುತ್ತಿದ್ದೇವೆ ಎಂಬರ್ಥದ ಮಾತು ಈ ಕಡೆಯಿಂದ. ಧ್ವನಿಮುದ್ರಿಕೆ ಹೊರಬಿತ್ತು. ಸಂಪುಟದ ಸಹೋದ್ಯೋಗಿಗಳೇ ತಿರುಗಿಬಿದ್ದರು.

ಇದಕ್ಕೂ ಮೊದಲು, 2019ರ ನವೆಂಬರಿನಲ್ಲಿ, ಹುಳಿಯಾರಿನ ವೃತ್ತಕ್ಕೆ ಕನಕದಾಸರ ಹೆಸರಿಡುವ ಗಲಾಟೆ. ಅಲ್ಲೂ ಮಾತೇ ಬೆಳೆದು, ಕೊನೆಗೆ ಮುಖ್ಯಮಂತ್ರಿಯೇ ಕ್ಷಮೆ ಕೇಳಿದರು. ಹೆಚ್ಚು ಬರೆಯುವುದಿಲ್ಲ, ಆ ಗಾಯ ನಮ್ಮ ಕಡೆ ಇನ್ನೂ ಹಸಿ.

ನಾಲ್ಕನ್ನೂ ಒಟ್ಟಿಗಿಟ್ಟು ನೋಡಿದರೆ ಎರಡನೆಯ ಸಿದ್ಧಾಂತ ಹುಟ್ಟುತ್ತದೆ. ಕೋರ್ಟ್ ಹಾಲಿನಲ್ಲಿ ವಕೀಲರು ಸಾಕ್ಷಿಯನ್ನು ಗದರಿಸುತ್ತಾರೆ, ಜಡ್ಜ್ ಮುಂದೆ ಗುಡುಗುತ್ತಾರೆ, ಬಾರ್ ರೂಮಿಗೆ ಬಂದು ಸರ್ಕಾರವನ್ನೂ ಜಡ್ಜನ್ನೂ ಸೇರಿಸಿ ಬೈಯುತ್ತಾರೆ. ಅಲ್ಲಿ ಆಡಿದ್ದಕ್ಕೆಲ್ಲ ಮಧ್ಯಾಹ್ನದ ಊಟದ ತನಕ ಆಯಸ್ಸು. ಮಾತನ್ನು ಅಷ್ಟು ಸಲೀಸಾಗಿ ಖರ್ಚು ಮಾಡಿ ರೂಢಿಯಾದವರಿಗೆ ಎಲ್ಲರ ಜೇಬಿನಲ್ಲೂ ಧ್ವನಿಮುದ್ರಣ ಯಂತ್ರ ಬಂದದ್ದು ಒಗ್ಗಲಿಲ್ಲವೇನೋ. ಅರ್ಜಿ ಹಿಡಿದು ಬಂದವರು ಅವರ ಕಣ್ಣಿಗೆ ಎದುರು ಪಕ್ಷದ ಸಾಕ್ಷಿಯಂತೆ ಕಂಡರೋ ಏನೋ.

ನಮ್ಮ ಕಡೆ ಇದನ್ನು ಇಷ್ಟುದ್ದ ಹೇಳುವುದಿಲ್ಲ. ಶೆಟ್ಟಿಕೆರೆ ಕಡೆಯ ಅಜ್ಜಿಯೊಬ್ಬರು ಬಸ್ಸಿನಲ್ಲಿ ಹೇಳಿದ್ದು: "ಕೆಲ್ಸ್ಗಾರ ಕಣಪ್ಪ. ಆದ್ರೆ ಹೋದೋರ್‌ನ ಕುಂತ್ಕಳಿ ಅನ್ಬೇಕಲ್ವಾ?"

ಕುಂತ್ಕಳಿ ಅನ್ನುವುದು. ಸದನದ ನಿಯಮಾವಳಿಯಲ್ಲಿ ಇದಕ್ಕೊಂದು ನಿಯಮ ಇಲ್ಲ.

*

ಈ ಎರಡನೆಯ ಸಿದ್ಧಾಂತ ಎಲ್ಲರಿಗೂ ಇಷ್ಟ. ಹೇಳುವುದಕ್ಕೂ ಚೆನ್ನ, ಕೇಳುವುದಕ್ಕೂ ಚೆನ್ನ. ಬಾಯಿ ಕೆಟ್ಟಿತು, ಸೋತರು, ಕಥೆ ಮುಗಿಯಿತು. ನಾನೂ ಆರು ತಿಂಗಳು ಅದನ್ನೇ ನಂಬಿಕೊಂಡಿದ್ದೆ.

ಆಮೇಲೆ ಒಂದು ಸಂಜೆ ಸುಮ್ಮನೆ ಮೂರು ತಾಲ್ಲೂಕುಗಳ ಫಲಿತಾಂಶ ಒಂದರ ಕೆಳಗೊಂದು ಬರೆದೆ. 2018: ತಿಪಟೂರಿನಲ್ಲಿ ಬಿ.ಸಿ. ನಾಗೇಶ್, ತುರುವೇಕೆರೆಯಲ್ಲಿ ಮಸಾಲ ಜಯರಾಂ, ಚಿಕ್ಕನಾಯಕನಹಳ್ಳಿಯಲ್ಲಿ ಮಾಧುಸ್ವಾಮಿ. ಮೂರೂ ಬಿಜೆಪಿ. 2023: ತಿಪಟೂರಿನಲ್ಲಿ ಕಾಂಗ್ರೆಸ್‌ನ ಕೆ. ಷಡಕ್ಷರಿ, ತುರುವೇಕೆರೆಯಲ್ಲಿ ಜೆಡಿಎಸ್‌ನ ಎಂ.ಟಿ. ಕೃಷ್ಣಪ್ಪ, ಚಿಕ್ಕನಾಯಕನಹಳ್ಳಿಯಲ್ಲಿ ಸುರೇಶ್‌ಬಾಬು. ಮೂರಕ್ಕೆ ಮೂರೂ ಹೋದವು. ಸೋತ ಮೂವರಲ್ಲಿ ಇಬ್ಬರು ಆಗ ಮಂತ್ರಿಗಳು. ನಾಗೇಶ್ ಅವರ ಸೋಲಿಗೆ ಶಾಲೆಯ ಪಠ್ಯಪುಸ್ತಕ ಕಾರಣ ಎಂದರು, ಜಯರಾಂ ಅವರದಕ್ಕೆ ಸ್ಥಳೀಯ ಜಗಳ ಎಂದರು, ಮಾಧುಸ್ವಾಮಿಯವರದಕ್ಕೆ ಬಾಯಿ. ಮೂರು ಮರಗಳ ಗರಿ ಒಂದೇ ವಾರದಲ್ಲಿ ಒಣಗಿದರೆ ನಾವು ಒಂದೊಂದು ಮರಕ್ಕೆ ಒಂದೊಂದು ರೋಗ ಹೇಳುತ್ತೇವೆಯೇ? ಮೊದಲು ನೆಲದ ತೇವ ನೋಡುತ್ತೇವೆ.

ನೆಲದಲ್ಲಿ ಆಗ ಇದ್ದದ್ದು ಕೊಬ್ಬರಿ ಬೆಲೆ.

*

ಕೊಬ್ಬರಿಯ ಲೆಕ್ಕ

ಹೊರಗಿನವರಿಗಾಗಿ ಒಂದು ಮಾತು. ಕರಾವಳಿಯಲ್ಲಿ, ಕೇರಳದಲ್ಲಿ ತೆಂಗಿನಕಾಯಿ ಒಡೆದು ಒಣಗಿಸಿ ಎಣ್ಣೆಗೆ ಕೊಡುತ್ತಾರೆ. ನಮ್ಮದು ಹಾಗಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ತಾನೇ ಇಂಗಬೇಕು, ತಿರುಳು ಚಿಪ್ಪಿನಿಂದ ತಾನೇ ಬಿಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಟಲೊಟ ಸದ್ದು ಬಂದಾಗ ಆಯಿತು. ಆಗ ಸುಲಿದು, ಚಿಪ್ಪನ್ನು ಹುಷಾರಾಗಿ ಒಡೆದರೆ ಉಂಡೆ ಇಡಿಯಾಗಿ ಹೊರಬರುತ್ತದೆ. ಮಟ್ಟೆ ನಾರಿನ ಕಾರ್ಖಾನೆಗೆ, ಚಿಪ್ಪು ಇದ್ದಿಲಿಗೆ, ಉಂಡೆ ಉತ್ತರ ಭಾರತದ ಮದುವೆ, ಪೂಜೆ, ಸಿಹಿತಿಂಡಿಗೆ.

ಹೀಗಾಗಿ ನಮ್ಮ ರೈತ ಮಾರುವ ದಿನದ ಬೆಲೆಯನ್ನು ಕೆಡವುವ ದಿನ ಅಂದಾಜು ಮಾಡಬೇಕು, ಒಂದು ವರ್ಷ ಮೊದಲೇ. 2022ರಲ್ಲಿ ಆಸೆ ಇಟ್ಟು ಅಟ್ಟಕ್ಕೆ ಹಾಕಿದ ಕಾಯಿ 2023ರಲ್ಲಿ ಕೊಬ್ಬರಿಯಾಗಿ ಇಳಿದಾಗ ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ ಎಂಟು ಸಾವಿರದ ಆಸುಪಾಸು. ಆ ಸಾಲಿನ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 11,750. ಬೆಂಬಲ ಬೆಲೆಗಿಂತ ಸುಮಾರು ಮೂರೂಮುಕ್ಕಾಲು ಸಾವಿರ ಕೆಳಗೆ ಮಾರುತ್ತಿದ್ದವನ ಮನೆಗೆ ಓಟು ಕೇಳಲು ಹೋದವರು ನಿಯಮಾವಳಿ ಬಲ್ಲವರಾದರೇನು, ಮೃದು ಮಾತಿನವರಾದರೇನು? ನಫೆಡ್ ಖರೀದಿಗೆ ಹೆಸರು ಬರೆಸಲು ರಾತ್ರಿಯೆಲ್ಲ ಸಾಲು ನಿಂತವರು, ಮುಂದಿನ ವರ್ಷ ಆ ನೋಂದಣಿಯೇ ರದ್ದಾಗಿ ಮತ್ತೆ ಸಾಲು ನಿಂತವರು ನಮ್ಮ ಪಕ್ಕದ ಮನೆಯವರೇ.

2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ಅಷ್ಟರಲ್ಲಿ ಅನೇಕರ ಅಟ್ಟ ಖಾಲಿ. ರೋಗ ಬಿದ್ದು ಇಳುವರಿ ಕಡಿಮೆ, ಎಳನೀರಿಗೇ ಕಾಯಿ ಹೋಗಿತ್ತು. ಬೆಲೆ ಏರಿದ್ದಕ್ಕೆ ಯಾವ ಶಾಸಕನನ್ನೂ ಯಾರೂ ಹೊಗಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಇಳಿದಾಗ ಮಾತ್ರ ಹೆಸರು ಹಿಡಿದು ಬೈದಿದ್ದರು.

ಮೂರನೆಯ ಸಿದ್ಧಾಂತ ಎನ್ನೋಣವೇ? ಇದಕ್ಕೂ ತೂತಿದೆ. 2013ರಲ್ಲೂ ಸೋತಿದ್ದರಲ್ಲ. ಆಗಿನ ಸೋಲಿಗೆ ಬಿಜೆಪಿ, ಕೆಜೆಪಿ ಒಡಕು ಎಂದರು. ಪ್ರತಿ ಸೋಲಿಗೂ ಆಯಾ ಕಾಲದ ಕಾರಣ ಸಿದ್ಧವಾಗಿಯೇ ಇರುತ್ತದೆ.

*

ಗುಮಾಸ್ತನನ್ನು ಮತ್ತೆ ಕೇಳಿದೆ: "ಕೊಬ್ಬರಿ ರೇಟಿಗೋಸ್ಕರ ಓಟು ಹಾಕ್ಲಿಲ್ವಾ?"

"ಛೇ ಛೇ, ಅದ್ಕೂ ಇದ್ಕೂ ಏನ್ ಸಂಬಂಧ ಸಾ?" ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದ.

*

ಒಂದು ಕೆಲಸ, ಯಾರೂ ಮಾತಾಡದ್ದು

ಪರಿಶಿಷ್ಟ ಜಾತಿಗಳ ಒಳಮೀಸಲಾತಿ. 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲು ಶೇಕಡ 15ರಿಂದ 17ಕ್ಕೆ, ಪಂಗಡದ್ದು 3ರಿಂದ 7ಕ್ಕೆ ಏರಿತು. ಆ 17ನ್ನು ಒಳಗೊಳಗೆ ಹೇಗೆ ಹಂಚುವುದು ಎಂದು ನೋಡಲು ಕೂತ ಸಂಪುಟ ಉಪಸಮಿತಿಗೆ ಮಾಧುಸ್ವಾಮಿ ಅಧ್ಯಕ್ಷರು. 2023ರ ಮಾರ್ಚ್‌ನಲ್ಲಿ ಬಂದ ಸೂತ್ರ, ನಾಲ್ಕು ಗುಂಪುಗಳಿಗೆ: 6, 5.5, 4.5, 1. ಚುನಾವಣೆ ಹೊಸ್ತಿಲಲ್ಲಿ ಇಂಥ ಪಾಲು ಮಾಡುವುದು ಎಂದರೆ ಮೈಮೇಲೆ ಕಣಜ ಕರೆದುಕೊಂಡಂತೆ. ಬಂಜಾರರು ಸಿಟ್ಟಾದರು, ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮನೆಗೆ ಕಲ್ಲು ಬಿತ್ತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಒಳವರ್ಗೀಕರಣದ ಅಧಿಕಾರ ಉಂಟು ಎಂದಿತು. ನಾಗಮೋಹನದಾಸ್ ಆಯೋಗ ವರದಿ ಕೊಟ್ಟ ಮೇಲೆ, 2025ರ ಆಗಸ್ಟ್‌ನಲ್ಲಿ, ಕಾಂಗ್ರೆಸ್ ಸರ್ಕಾರ 6, 6, 5 ಎಂದು ಬೇರೆಯೇ ಹಂಚಿತು.

ಇದೂ ಪಾಲುವಿಭಾಗದ ದಾವೆಯೇ. ಮರ ಎಣಿಸಿ, ಚೆಕ್ಕುಬಂದಿ ಹಾಕಿ, ಕೊನೆಗೆ ಬದುವಿನ ಮೇಲಿನ ಮರಗಳ ಹತ್ತಿರ ನಿಂತು ತಲೆ ಕೆರೆದುಕೊಳ್ಳುವುದು. ತಾಲ್ಲೂಕು ಕೋರ್ಟಿನ ಗಾಳಿ ಕುಡಿದವರಿಗೆ ಒಗ್ಗುವ ಕೆಲಸ ಇದು. ಆದರೆ ಗುಮಾಸ್ತನ ಫೋನಿನಲ್ಲಿ ಇದರ ವಿಡಿಯೊ ಇರಲಿಲ್ಲ.

*

2024. ಮಾಧುಸ್ವಾಮಿ ತುಮಕೂರು ಲೋಕಸಭೆಗೆ ಟಿಕೆಟ್ ಬಯಸಿದ್ದರು. ಸಿಕ್ಕಿದ್ದು ವಿ. ಸೋಮಣ್ಣನವರಿಗೆ. ಅವರು ಹಿಂದಿನ ವರ್ಷವಷ್ಟೇ ವರುಣಾ, ಚಾಮರಾಜನಗರ ಎರಡು ಕಡೆ ಸೋತು ಬಂದಿದ್ದವರು. ಹೊರಗಿನವರು ಎಂದು ಇಲ್ಲಿ ಗೊಣಗಾಟವಾಯಿತು, ಮಾಧುಸ್ವಾಮಿಯವರು ತಮ್ಮ ಅಸಮಾಧಾನ ಮುಚ್ಚಿಡಲಿಲ್ಲ. ಸೋಮಣ್ಣ ಗೆದ್ದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ಸೋಮಣ್ಣನವರ ಬಗ್ಗೆ ಕೇಳಿದರೆ ನಮ್ಮ ಕಡೆಯವರು ಹೇಳುವ ಮೊದಲ ಮಾತು, "ಕೂಗಿದ್ರೆ ಓ ಅಂತಾರೆ."

ಅಜ್ಜಿಯ 'ಕುಂತ್ಕಳಿ' ಮತ್ತೆ ನೆನಪಾಯಿತು. ಎರಡನೆಯ ಸಿದ್ಧಾಂತವನ್ನು ಹೊಡೆದು ಹಾಕಿದ್ದೆ, ಪಕ್ಕದಲ್ಲಿ 'ಇರಲಿ' ಎಂದು ಬರೆದೆ.

*

ತುರುವೇಕೆರೆ, ಕೋರ್ಟಿನ ಎದುರಿನ ಟೀ ಅಂಗಡಿ

ಕರಿಕೋಟನ್ನು ಮಡಚಿ ಬೈಕಿನ ಟ್ಯಾಂಕಿನ ಮೇಲಿಟ್ಟುಕೊಂಡು ಒಬ್ಬ ಹುಡುಗ. ಮೂವತ್ತರ ಒಳಗೆ. ರಾಜಕೀಯಕ್ಕೆ ಬರಬೇಕೆಂಬ ಆಸೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಎಲ್ಲಿಂದ ಶುರು ಮಾಡ್ತೀಯಪ್ಪ ಅಂದೆ. ಹಿಂದೆ ಇದಕ್ಕೊಂದು ಏಣಿ ಇತ್ತು. ಮಂತ್ರಿ ನಜೀರ್‌ಸಾಬ್ ಕಾಲದಲ್ಲಿ, 1987ರಲ್ಲಿ, ಜಿಲ್ಲಾ ಪರಿಷತ್ ಬಂದಾಗ ಸಣ್ಣೂರಿನ ಎಷ್ಟೋ ವಕೀಲರು, ಮೇಷ್ಟ್ರುಗಳು ಅಲ್ಲಿಂದ ಮೇಲೆ ಹತ್ತಿದರು. ಜನರಿಗೆ ಕುಂತ್ಕಳಿ ಅನ್ನುವುದನ್ನೂ ಅಲ್ಲೇ ಕಲಿಯುತ್ತಿದ್ದರೇನೋ.

"ಎಲ್ಲಿ ಸಾರ್ ಎಲೆಕ್ಷನ್ನು? ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಅವಧಿ ಇಪ್ಪತ್ತೊಂದ್ರಲ್ಲೇ ಮುಗೀತು. ಆಗಿಂದ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು. ಮೂರು ಸಲ ಬ್ಯಾನರ್ ಡಿಸೈನ್ ಮಾಡ್ಸಿದೀನಿ." ಫೋನು ತೆಗೆದು ತೋರಿಸಿದ. ಮೂರರಲ್ಲೂ ಅವನು ಕೈಮುಗಿದು ನಿಂತಿದ್ದಾನೆ. ಮೊದಲನೆಯದರಲ್ಲಿ ಮೀಸೆ ತೆಳ್ಳಗಿದೆ.

ಆವರೆಗೆ ಪಾಲುವಿಭಾಗದ ಕೇಸುಗಳೇ ಗತಿ ಎಂದ. ನಾನು ಬಾಯಿ ಸುಮ್ಮನಿರದೆ ನಮ್ಮ ಮನೆಯ ದಾವೆಯನ್ನೂ ಬದುವಿನ ಮರವನ್ನೂ ಹೇಳಿದೆ. ಲೋಟ ಕೆಳಗಿಟ್ಟು ಕೇಳಿದ. ಬುಡ ಯಾವ ಕಡೆ, ಕಮಿಷನರ್ ವರದಿಗೆ ಆಕ್ಷೇಪಣೆ ಹಾಕಿದ್ರಾ, ಡಿಕ್ರಿ ಯಾವ ವರ್ಷ. ಮರ ಯಾರ ಪಾಲಿಗೆ ಹೋಯಿತು ಎಂದ.

ಯಾರ ಪಾಲಿಗೂ ಇಲ್ಲ, ಚಿಕ್ಕಪ್ಪನ ಕಡೆಗೆ ಡಿಕ್ರಿ ಆಗುವ ಹೊತ್ತಿಗೆ ಕಾಂಡ ಸೋರಿ ತಲೆ ಬಿದ್ದುಹೋಗಿತ್ತು ಎಂದೆ.

ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಮೀಸೆಯ ಮೇಲಿನ ಟೀ ಒರೆಸಿಕೊಂಡು ಸ್ವಲ್ಪ ಹೊತ್ತು ಕೋರ್ಟಿನ ಗೇಟು ನೋಡಿದ.

"ಮರ ಹೋದ್ರೇನ್ ಸಾರ್, ಬದು ಇದೆಯಲ್ಲ. ಅಪೀಲಿಗೆ ಟೈಮ್ ಮೀರಿದೆ, ಆದ್ರೂ ವಿಳಂಬ ಮನ್ನಾಕ್ಕೆ ಒಂದು ಅರ್ಜಿ ಹಾಕಿ ನೋಡಬಹುದು. ಪಹಣಿ ತಂದ್ಕೊಡಿ."